ಸ್ಕ್ಯಾನ್ ಮಾಡಿಸುವ ಮುನ್ನ ಬಿ.ಪಿ. ನೋಡಿಸಿ

2025ರ ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ನಸುಕಿನಲ್ಲೇ ಜನ ಸಾಲುಗಟ್ಟಿದ್ದರು. ಅಸಹಜ ಏರಿಕೆಯೇನೂ ಇಲ್ಲವೆಂದು ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಸಾಲು ಕರಗಿತು, ಅಂಜಿಕೆ ಉಳಿಯಿತು. ನಮ್ಮ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ರಾಮದುರ್ಗದ ಕಡೆಯವರೂ ಕೇಳುವ ಪ್ರಶ್ನೆ ಒಂದೇ: ‘ಹಾರ್ಟ್ ಸ್ಕ್ಯಾನ್ ಮಾಡಿಸಿದ್ರ ಮುಂದ ಅಟ್ಯಾಕ್ ಆಗತೈತೋ ಇಲ್ಲೋ ಗೊತ್ತಾಗತೈತೇನ್ರಿ?’

ಅರ್ಧ ಗೊತ್ತಾಗುತ್ತದೆ. ಹೃದಯದ ರಕ್ತನಾಳಗಳ ಒಳಗೋಡೆಗೆ ವರ್ಷಾನುಗಟ್ಟಲೆ ಜಿಡ್ಡು ಕಟ್ಟಿ, ಅದರಲ್ಲಿ ಸುಣ್ಣದಂಶ ಸೇರಿ ಗಟ್ಟಿಯಾಗುತ್ತದೆ. ಆ ಸುಣ್ಣವನ್ನು ಸಿ.ಟಿ. ಸ್ಕ್ಯಾನ್ ಎಣಿಸುತ್ತದೆ. ಅಮೆರಿಕದ ಆರ್ಥರ್ ಅಗಾಟ್‌ಸ್ಟನ್ 1990ರಲ್ಲಿ ಮುಂದಿಟ್ಟ ಈ ಲೆಕ್ಕದಲ್ಲಿ ಸೊನ್ನೆ ಬಂದರೆ ಮುಂದಿನ ಕೆಲ ವರ್ಷ ಅಪಾಯ ಕಡಿಮೆ. 100 ದಾಟಿದರೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ಬೇಕೆನ್ನಲು ಬಲವಾದ ಕಾರಣ ಸಿಕ್ಕಂತೆ.

ಆದರೆ ಸುಣ್ಣ ಹಳೆಯ ಗಾಯದ ಗುರುತು. ಆಘಾತ ತರುವುದು ಹೆಚ್ಚಾಗಿ ತಟ್ಟನೆ ಒಡೆಯುವ ಮೆದು ಜಿಡ್ಡು. ಈ ಲೆಕ್ಕಕ್ಕೆ ಅದು ಸಿಗದು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿನಲ್ಲಿ, ಉಳಿದವರಿಗೆ ಸುಮಾರು 59ರಲ್ಲಿ ಎಂದು ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಸುಣ್ಣದ ಲೆಕ್ಕಕ್ಕೆ ಬುನಾದಿ ಹಾಕಿದ ಅಮೆರಿಕದ ‘ಮೆಸಾ’ ಅಧ್ಯಯನದ 6,814 ಜನರಲ್ಲಿ ನಮ್ಮವರ ಗುಂಪೇ ಇರಲಿಲ್ಲ. ಹಾಗಾಗಿ ನಲವತ್ತರ ಆಸುಪಾಸಿನ ಗುಟ್ಕಾ ಜಗಿಯುವ, ಬೀಡಿ ಸೇದುವ ಗಂಡಸಿಗೆ ಸೊನ್ನೆ ಬಂದರೆ ಅದು ರಕ್ಷಾಕವಚವಲ್ಲ.

ಬಣ್ಣದ ಔಷಧಿ ಚುಚ್ಚಿ ಮಾಡುವ ಸಿ.ಟಿ. ಆ್ಯಂಜಿಯೋಗ್ರಾಂ ಮೆದು ಜಿಡ್ಡನ್ನೂ ತೋರಿಸುತ್ತದೆ. ಸ್ಕಾಟ್ಲೆಂಡ್‌ನಲ್ಲಿ ಎದೆನೋವಿದ್ದ 4,146 ಜನರ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಐದು ವರ್ಷಗಳಲ್ಲಿ ಹೃದಯಾಘಾತ ಅಥವಾ ಹೃದ್ರೋಗದ ಸಾವು ಸ್ಕ್ಯಾನ್ ಇಲ್ಲದವರಲ್ಲಿ ಶೇ 3.9, ಸ್ಕ್ಯಾನ್ ಆದವರಲ್ಲಿ ಶೇ 2.3. ಎರಡೂ ಗುಂಪಿನಲ್ಲಿ ಸ್ಟೆಂಟ್, ಬೈಪಾಸ್ ಪ್ರಮಾಣ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಾದದ್ದು ಚಿತ್ರ ನೋಡಿ ಶುರುವಾದ ಗುಳಿಗೆಯಿಂದ ಎಂಬುದು ಸಂಶೋಧಕರ ವಿವರಣೆ.

ನಮ್ಮ ತಾಲ್ಲೂಕುಗಳಿಗೆ ಪಾಠ ಇಲ್ಲಿದೆ. ಸ್ಕ್ಯಾನ್‌ಗೆಂದು ರಾಮದುರ್ಗದಿಂದ ಬೆಳಗಾವಿಗೆ ಹೋಗಿಬರುವುದೆಂದರೆ ನೇಕಾರನಿಗೆ ಒಂದು ದಿನದ ದುಡಿಮೆ ಹೋದಂತೆ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇರುವ ಮಧ್ಯವಯಸ್ಕರಿಗೆ ಸ್ಟ್ಯಾಟಿನ್ ಹೇಗೂ ಬೇಕು. ಸ್ಕ್ಯಾನ್ ಹೊಸದೇನನ್ನೂ ಹೇಳದು. ಎದೆ ಹಿಡಿದು ಬೆವರುವವರು ‘ಗ್ಯಾಸ್ ಆಗೈತಿ’ ಎಂದು ಸೋಡಾ ಕುಡಿಯುತ್ತ ಕೂರದೆ ತಾಲ್ಲೂಕು ಆಸ್ಪತ್ರೆಗೆ ಓಡಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯ ಇ.ಸಿ.ಜಿ., ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಇರುವುದು ಅಂಥವರಿಗಾಗಿಯೇ. ಸ್ಕ್ಯಾನ್ ಬೇಕಾದದ್ದು ನಡುವಿನವರಿಗೆ: ನಲವತ್ತು ದಾಟಿದ, ಮನೆಯಲ್ಲಿ ಹೃದಯಾಘಾತದ ಚರಿತ್ರೆಯಿರುವ, ಗುಳಿಗೆ ಶುರುಮಾಡಬೇಕೋ ಬೇಡವೋ ಎಂದು ವೈದ್ಯರೇ ತೂಗುತ್ತಿರುವವರಿಗೆ.

ಅವರನ್ನು ಗುರುತಿಸುವ ಮೊದಲ ಮೆಟ್ಟಿಲು ಊರಲ್ಲೇ ಇದೆ. ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲೇ ಬಿ.ಪಿ., ಸಕ್ಕರೆ ನೋಡುತ್ತದೆ. ಅದರ ಪಟ್ಟಿಯಿಂದ ಆಯ್ದವರನ್ನಷ್ಟೇ ಜಿಲ್ಲಾ ಕೇಂದ್ರದ ಸ್ಕ್ಯಾನ್‌ಗೆ ಉಚಿತವಾಗಿ ಕಳಿಸುವ ಏರ್ಪಾಡು ಆಗಲಿ. ಅದಕ್ಕೂ ಮೊದಲು, ಕಿತ್ತೂರು, ಸವದತ್ತಿಯ ಸರ್ಕಾರಿ ಆಸ್ಪತ್ರೆಗಳ ಔಷಧ ಕಿಟಕಿಯಲ್ಲಿ ಸ್ಟ್ಯಾಟಿನ್ ತಿಂಗಳು ತಪ್ಪದೆ ಸಿಗಲಿ. ಸಂಶೋಧಕರ ಪ್ರಕಾರ ಸ್ಕಾಟ್ಲೆಂಡ್‌ನಲ್ಲಿ ಹೃದಯಾಘಾತ ತಗ್ಗಿಸಿದ್ದು ಇಂಥ ಗುಳಿಗೆ. ಸ್ಕ್ಯಾನ್ ಅದರತ್ತ ಬೊಟ್ಟು ಮಾಡಿತ್ತು, ಅಷ್ಟೆ.