ಪೇಟೆಯೊಳಗಿನ ಪರ್ಣಕುಟಿ

ಜಪಾನಿನ ಹಳೆಯ ಮಸಿಚಿತ್ರಗಳನ್ನು ಕಂಡೊಡನೆ ನಮ್ಮವರಲ್ಲಿ ಒಂದೇ ನಿಟ್ಟುಸಿರು: ಎಂಥ ಏಕಾಂತ! ಅವರಿಗೆ ನಿಸರ್ಗ ಒದಗಿತ್ತು, ನಮಗೆ ಒದಗಿದ್ದು ಮುಂಬಯಿ. ಊರು ಬಿಟ್ಟು ಬಂದವರ ಸಂಕಟಕ್ಕೆ ಇದು ಸುಲಭವಾದ ಸಮಾಧಾನ. ಆದರೆ ಸುಳ್ಳು ಸಮಾಧಾನ.

1413ರಲ್ಲಿ ಕ್ಯೋಟೋದ ನಾನ್‌ಝೆನ್‌ಜಿ ಮಠದ ಭಿಕ್ಷುವೊಬ್ಬನಿಗಾಗಿ ‘ಕೇಯಿನ್ ಶೋಚಿಕು’ ಎಂಬ ಚಿತ್ರ ರಚಿತವಾಯಿತು. ಹಿಂದೆ ಬೆಟ್ಟ, ತೊರೆಯ ಮಗ್ಗುಲಲ್ಲಿ ಪುಟ್ಟ ಕುಟೀರ, ಮೇಲೆಲ್ಲ ಗೆಳೆಯ ಭಿಕ್ಷುಗಳ ಪದ್ಯಗಳು. ಆ ಕುಟೀರ ಯಾವ ಬೆಟ್ಟದಲ್ಲೂ ಇರಲಿಲ್ಲ. ಅವನ ಓದುಕೋಣೆ ಇದ್ದದ್ದು ರಾಜಧಾನಿಯ ದೊಡ್ಡ ಮಠದಲ್ಲಿ. ಇದು ಮನಸ್ಸಿನ ಚಿತ್ರವೆಂದು ಅದರ ಮುನ್ನುಡಿಯೇ ಒಪ್ಪಿಕೊಳ್ಳುತ್ತದೆ. ಆ ಕಾಲದ ಝೆನ್ ಮಠಗಳು ಶೋಗನ್‌ಗಳ ಪತ್ರವ್ಯವಹಾರ, ರಾಜತಂತ್ರಗಳಲ್ಲಿ ಮುಳುಗಿದ್ದವು. ಗದ್ದಲದ ನಡುವೆ ಕುಳಿತವರೇ ಏಕಾಂತವನ್ನು ಬರೆಸಿಕೊಂಡರು, ಅದೂ ನಾಲ್ಕು ಜನ ಸೇರಿ!

ಹಾಗಾದರೆ ನಾವು ಆಗುಂಬೆಯ ಮಳೆಯನ್ನು ಬರೆಯುವುದೂ ಅಂಥದೇ ಅಲ್ಲವೇ ಎನ್ನಬಹುದು. ಅಲ್ಲ. ಭಿಕ್ಷು ತನ್ನ ಕುಟೀರವನ್ನು ಕಲ್ಪನೆಯೆಂದು ಬಲ್ಲವನಾಗಿದ್ದ. ನಾವು ನೆನಪಿನ ಕಾಡೊಂದೇ ನಿಸರ್ಗ, ಕಿಟಕಿಯಾಚೆಯದು ಬರಿಯ ವಿಳಾಸ ಎಂದು ನಂಬಿದ್ದೇವೆ. ಕಳಂಬೋಲಿಯೆಂದರೆ ಉಕ್ಕಿನ ಮಾರುಕಟ್ಟೆ, ಲಾರಿಗಳ ಸಾಲು, ಅಷ್ಟೆ. ಆದರೆ ಜುಲೈ ತಿಂಗಳ ಬೆಳಗ್ಗೆ ಮಹಡಿಯೇರಿ ಪೂರ್ವಕ್ಕೆ ನೋಡಿ: ಮೋಡ ಪ್ರಬಲಗಡದ ನಡುವನ್ನು ಅಳಿಸಿ ನೆತ್ತಿಯನ್ನಷ್ಟೇ ಉಳಿಸಿರುತ್ತದೆ. ಮಸಿಚಿತ್ರಕಾರನೂ ಕಾಗದವನ್ನು ಹಾಗೆಯೇ ಖಾಲಿ ಬಿಡುತ್ತಿದ್ದ.

ಸುಂದರವಾದದ್ದನ್ನು ಕಾಣದಿರುವುದು ಸಣ್ಣ ತಪ್ಪು. 2017ರ ಆಗಸ್ಟ್‌ನಲ್ಲಿ, ನಮ್ಮ ಪಕ್ಕದ ತಳೋಜಾದಲ್ಲಿ ಕಾರ್ಖಾನೆಯ ಬಣ್ಣ ತಗಲಿ ಬೀದಿನಾಯಿಗಳು ನೀಲಿಯಾದವು. ಕಾಸಾಡಿ ನದಿಯ ಮಾಲಿನ್ಯ ಆಗ ಜಗತ್ತಿಗೇ ಸುದ್ದಿಯಾಯಿತು. ಆ ವರ್ಷದ ಗೋಷ್ಠಿಗಳಲ್ಲೂ ನಾನು ಕೇಳಿದ್ದು ಶರಾವತಿ, ತುಂಗೆ, ಸೀತಾನದಿಗಳನ್ನೇ. ಶರಾವತಿಯ ಅಳಲಿಗೆ ಕವಿಗಳಿದ್ದಾರೆ; ಕಾಸಾಡಿಯ ನೀರಿನ ವಾಸನೆ ಮೂಗಿಗೆ ಬಡಿದರೆ ನಾವು ರಿಕ್ಷಾದಲ್ಲಿ ಕರವಸ್ತ್ರ ಹಿಡಿದು ಸಾಗುತ್ತೇವೆ.

ಸೆಶ್ಶೂ 1467ರಲ್ಲಿ ಚೀನಾಕ್ಕೆ ಹೋಗಿ ಬಂದವನು. ಬಾಳಿನ ಬಹುಭಾಗ ಚೀನೀ ಮಾದರಿಯ ಬೆಟ್ಟಗಳನ್ನೇ ಬರೆದ. ಎಂಬತ್ತು ದಾಟಿದ ಮೇಲೆ ತನ್ನದೇ ನಾಡಿನ ಅಮಾನೊಹಾಶಿದಾತೆಯ ಮರಳುದಂಡೆಯನ್ನು ಚಿತ್ರಿಸಿದ. ಅಲ್ಲಿ ಗುಡಿಗಳಿವೆ, ಮನೆಗಳಿವೆ. ಸ್ಥಳಗಳ ಹೆಸರುಗಳನ್ನೂ ಚಿತ್ರದೊಳಗೇ ಬರೆಯಲಾಗಿದೆ. ನಮ್ಮ ಮುಂದಿನ ಸಂಕಲನಕ್ಕೆ ಕವಿತೆ ಕಳಿಸುವವರು ಕಾಸಾಡಿಯ ಹೆಸರನ್ನಾದರೂ ಬರೆಯಲಿ.