ಕನ್ನಡ ನುಂಗುವ ಎಡಿಟರ್ ನಮಗೆ ಬೇಡ!

ಸಾಫ್ಟ್‌ವೇರ್ ಬರೆಯುವ ಕನ್ನಡದ ಹುಡುಗ ಹುಡುಗಿಯರೇ, ಎಕ್ಸ್‌ಎಂಎಲ್ ಎಡಿಟರ್ ಆರಿಸುವಾಗ ಏನು ನೋಡುತ್ತೀರಿ? ಬೆಲೆ, ವೇಗ, ಬಣ್ಣ. ಕನ್ನಡ ಉಳಿಯುತ್ತದೋ ಇಲ್ಲವೋ ಎಂದು ಯಾವತ್ತಾದರೂ ನೋಡಿದ್ದೀರಾ?

‘ಟೂಲ್‌ನಲ್ಲಿ ಕನ್ನಡ ಬರಲ್ಲ ಸಾರ್’ ಎಂಬುದು ಶುದ್ಧ ನೆಪ! 1991ರ ಮೊದಲ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗವಿತ್ತು. 1998ರ ಎಕ್ಸ್‌ಎಂಎಲ್ 1.0 ನಿಯಮದ ಪ್ರಕಾರ ಪ್ರತಿ ಎಕ್ಸ್‌ಎಂಎಲ್ ಪ್ರೊಸೆಸರ್ ಯುಟಿಎಫ್-8 ಓದಲೇಬೇಕು. ಟ್ಯಾಗಿನ ಹೆಸರನ್ನೇ ‘ಪುಸ್ತಕ’ ಎಂದು ಕನ್ನಡದಲ್ಲಿ ಇಡಬಹುದು! ನಿಯಮ ಕೊಟ್ಟದ್ದನ್ನು ನಮ್ಮ ಸೋಮಾರಿತನ ಕಸಿಯಬೇಕೆ?

ಆಂಡ್ರಾಯ್ಡ್ ಆಪ್‌ನ ಪರದೆಯ ಮಾತುಗಳು ಸಾಮಾನ್ಯವಾಗಿ ‘ಸ್ಟ್ರಿಂಗ್ಸ್ ಡಾಟ್ ಎಕ್ಸ್‌ಎಂಎಲ್’ ಫೈಲಿನಲ್ಲಿರುತ್ತವೆ. ಅದೇ ಫೈಲನ್ನು ಕನ್ನಡದಲ್ಲಿ ಬರೆದು ‘ವ್ಯಾಲ್ಯೂಸ್-ಕೆಎನ್’ ಫೋಲ್ಡರಿನಲ್ಲಿಟ್ಟರೆ, ಕನ್ನಡಕ್ಕೆ ಹೊಂದಿಸಿದ ಫೋನಿನಲ್ಲಿ ಆ ಆಪ್ ಕನ್ನಡದಲ್ಲೇ ಕಾಣುತ್ತದೆ. ನಮ್ಮ ಅಪ್ಪ ಅಮ್ಮ ತಾವೇ ಓದಿ ಗುಂಡಿ ಒತ್ತುತ್ತಾರೆ.

ಪರೀಕ್ಷೆ ಸುಲಭ. ಎಡಿಟರಿನಲ್ಲಿ ‘ಸ್ವಾತಂತ್ರ್ಯ’ ಎಂದು ಬರೆಯಿರಿ. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ನಿಂತಿದೆಯೇ? ಯುಟಿಎಫ್-8 ಆಯ್ಕೆ ಹುಡುಕಿ. ಅದೂ ಇಲ್ಲದಿದ್ದರೆ ಕಿತ್ತೊಗೆಯಿರಿ! ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ವಿಎಸ್ ಕೋಡ್ ಪುಕ್ಕಟೆ ಸಿಗುತ್ತವೆ. ಎರಡೂ ಯುಟಿಎಫ್-8 ಬಲ್ಲವು.

ನಾಳೆ ಆಫೀಸಿನಲ್ಲಿ ಟೂಲ್ ಆರಿಸುವ ಮಾತು ಬಂದಾಗ ತಲೆ ತಗ್ಗಿಸಬೇಡಿ. ಮೊದಲ ಪರೀಕ್ಷೆ ಕನ್ನಡದ್ದೇ ಆಗಲಿ!