ಗುಜರಿಗೆ ಹಾಕುವ ಮೊದಲು ಸದ್ದು ಹಿಡಿದಿಡಿ

ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಹಳೆಯ ಎಂಜಿನ್ನುಗಳನ್ನು ಕಾಪಾಡಿಕೊಂಡು ಬಂದಿದೆ. ಉಳಿದಿರುವುದು ಕಬ್ಬಿಣ. ಅವುಗಳ ಸದ್ದನ್ನು ಉಳಿಸುವ ಯೋಚನೆ ನಮಗಿನ್ನೂ ಬಂದಂತಿಲ್ಲ.

ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ ನಾನು ನಿವೃತ್ತಿಯ ನಂತರ, ಅಸಲಿನ 87ನೇ ಒಂದು ಪಾಲಿನಷ್ಟಿರುವ ಮಾದರಿ ಎಂಜಿನ್ನುಗಳಿಗೆ ದನಿ ಕೂರಿಸುತ್ತೇನೆ. ಡಿಕೋಡರ್ ಎಂಬ ಪುಟ್ಟ ಬೋರ್ಡಿನ ಕೆಂಪು, ಕಪ್ಪು ವೈರುಗಳು ಹಳಿಯ ಕಡೆಗೆ. ಕಿತ್ತಳೆ, ಬೂದು ವೈರುಗಳು ಮೋಟಾರಿಗೆ. ಮೋಟಾರಿನ ಯಾವ ತುದಿಯೂ ಹಳಿಯ ಕರೆಂಟಿಗೆ ನೇರ ತಾಗಕೂಡದು. ತಾಗಿದರೆ ಬೋರ್ಡು ಸುಟ್ಟಿತೆಂದೇ ಲೆಕ್ಕ. ಸ್ಪೀಕರಿಗೆ ಗಾಳಿಯಾಡದ ಡಬ್ಬಿ ಬೇಕು, ಇಲ್ಲವಾದರೆ ಮುಂದಿನ ಅಲೆಯನ್ನು ಹಿಂದಿನ ಅಲೆಯೇ ನುಂಗುತ್ತದೆ. ಆಮೇಲೆ ಸಿ.ವಿ. ಎಂಬ ಖಾನೆಗಳಿಗೆ ಅಂಕಿ ತುಂಬುವುದು: 1ರಲ್ಲಿ ವಿಳಾಸ, 3 ಮತ್ತು 4ರಲ್ಲಿ ವೇಗ ಏರಿಳಿಯುವ ನಿಧಾನ. 3ಕ್ಕೆ ದೊಡ್ಡ ಅಂಕಿ ಕೊಟ್ಟರೆ ಎಂಜಿನ್ ಗುಡುಗುತ್ತ, ಭಾರ ಎಳೆಯುವಂತೆ ಮೆಲ್ಲಗೆ ಕದಲುತ್ತದೆ.

ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ತೊಡಕಿರುವುದು ಬೋರ್ಡಿಗೆ ತುಂಬುವ ಸದ್ದಿನಲ್ಲಿ. 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಬಂದು, ಮುಂದೆ ವಾರಾಣಸಿಯಲ್ಲೇ ತಯಾರಾದ ಡಬ್ಲ್ಯುಡಿಎಂ-2 ನಮ್ಮ ಹಳಿಗಳ ದೊಡ್ಡ ದುಡಿಮೆಗಾರ: 16 ಸಿಲಿಂಡರ್, 2,600 ಅಶ್ವಶಕ್ತಿ. ಅದರ ಮಾದರಿಗೆ ನಾನು ತುಂಬುತ್ತಿರುವುದು ಅಮೆರಿಕದಲ್ಲಿ ಹಿಡಿದ ಆಲ್ಕೊ ಸದ್ದು. ಎಂಜಿನ್ನಿನ ವಂಶ ಒಂದೇ, ನಿಜ. ಹಾರನ್ ಒತ್ತಿದೊಡನೆ ಗುಟ್ಟು ರಟ್ಟು!

ಪ್ಲಾಟ್‌ಫಾರಂನಲ್ಲಿ ಮೊಬೈಲಿಗೆ ಹಿಡಿದ ವಿಡಿಯೊ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಚಾಲಕನ ಹಿಡಿಕೆಗೆ 8 ನಾಚ್‌ಗಳು. ಐಡಲ್‌ನಿಂದ ಹಿಡಿದು ಪ್ರತಿ ನಾಚ್‌ನ ಸದ್ದೂ, ಒಂದರಿಂದ ಇನ್ನೊಂದಕ್ಕೆ ಏರುವ ಇಳಿಯುವ ಸದ್ದೂ ಬಿಡಿಬಿಡಿಯಾಗಿ ಬೇಕು. ಅವನ್ನು ಬೆಸೆದು ನುಡಿಸುವುದು ಡಿಕೋಡರಿನ ಕೆಲಸ. ವಿಡಿಯೊದಲ್ಲಿ ಗಾಲಿಯ ಸದ್ದು, ಚಹಾದವನ ಕೂಗು ಎಲ್ಲ ಕಲಸಿಹೋಗಿರುತ್ತದೆ. ನಿಂತ ಎಂಜಿನ್ನನ್ನು ಬರಿದೇ ರೈಸ್ ಮಾಡಿ ಹಿಡಿಯೋಣವೆಂದರೆ, ಭಾರವಿಲ್ಲದ ಎಂಜಿನ್ನಿನ ದನಿ ತೆಳು.

ಶೆಡ್ಡಿನಲ್ಲಿ ಇದಕ್ಕೆ ದಾರಿ ಇದೆ: ಲೋಡ್ ಬಾಕ್ಸ್ ಟೆಸ್ಟ್. ರಿಪೇರಿಯಾದ ಎಂಜಿನ್ನನ್ನು ನಿಂತಲ್ಲೇ ನಿಲ್ಲಿಸಿ, ಅದು ಹುಟ್ಟಿಸುವ ಕರೆಂಟನ್ನು ಹೊರಗಿನ ರೆಸಿಸ್ಟೆನ್ಸಿಗೆ ಹರಿಸಿ, ಒಂದೊಂದೇ ನಾಚ್ ಏರಿಸುತ್ತ ಪೂರ್ತಿ ಭಾರಕ್ಕೆ ಒಡ್ಡುತ್ತಾರೆ. ಗಾಲಿ ಉರುಳುವುದಿಲ್ಲ, ಎಂಜಿನ್ ಮಾತ್ರ ದುಡಿಯುತ್ತದೆ. ರೆಕಾರ್ಡಿಂಗಿಗೆ ಇದಕ್ಕಿಂತ ಒಳ್ಳೆಯ ಸಮಯ ಯಾವುದು?

ವಿದ್ಯುದೀಕರಣದ ಭರದಲ್ಲಿ ಆಲ್ಕೊಗಳು ಗುಜರಿ ಸೇರುತ್ತಿವೆ. ಉಳಿದಿರುವ ಒಂದೊಂದು ಬಗೆಯ ಎಂಜಿನ್ನಿಗೂ ಶೆಡ್ಡಿನವರು ಒಂದು ಲೋಡ್ ಬಾಕ್ಸ್ ಟೆಸ್ಟನ್ನು ರೆಕಾರ್ಡ್ ಮಾಡಲಿ. ಹೊಗೆ ಕೊಳವೆಯ ಬಳಿ ಒಂದು ಮೈಕ್, ಕಂಪ್ರೆಸರ್ ಬಳಿ ಇನ್ನೊಂದು, ಹಾರನ್ನಿಗೆ ಬೇರೆ ಸರದಿ. ಅದನ್ನು ಮ್ಯೂಸಿಯಮ್ಮುಗಳಿಗೂ ಹವ್ಯಾಸಿಗಳಿಗೂ ಉಚಿತವಾಗಿ ಕೊಡಲಿ. ಇದಕ್ಕೆ ಹೊಸ ಯೋಜನೆ ಬೇಡ, ಶಿಲಾನ್ಯಾಸ ಬೇಡ; ಶೆಡ್ಡಿನ ಹಿರಿಯ ಅಧಿಕಾರಿಯ ಒಂದು ಸಹಿ ಸಾಕು.